ಕ್ರೇಟಿನ ತೂಕ ಕಳೆದು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಹನ್ನೊಂದು ವರ್ಷದಿಂದ ತೂಕಕ್ಕೆ ಕೂತವಳು ನಾನು.
ಲಾಟು ಬರುತ್ತದೆ, ಕೆಂಪಂಕಿ ಅಲುಗಾಡಿ ನಿಲ್ಲುತ್ತದೆ,
ಕ್ರೇಟಿನದು ಕಳೆದು ಚೀಟಿ ಬರೆಯುತ್ತೇನೆ.
ನನ್ನ ತೂಕದ ಮೇಲೆ ಯಾರೂ ಜಗಳಕ್ಕೆ ಬಂದಿಲ್ಲ,
ಚೇಳೂರಿನ ಒಬ್ಬನನ್ನು ಬಿಟ್ಟರೆ.
ಅವನು ಬಸ್ ಸ್ಟ್ಯಾಂಡಿನ ಗಡಿಯಾರದ ಜೊತೆಗೂ ಆಡುವವನು.

ಮೊನ್ನೆ ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು
ಎರಡೂ ಕೈ ಮೇಜಿನ ಮೇಲಿಟ್ಟು ಹೇಳಿದರು:
ಲಿಖಿತಳ ಎದೆಯೊಳಗೆ ಮನೆ ಮಾಡಿದ ಕ್ರಿಮಿ
ಮಾತ್ರೆಗೆ ಬಗ್ಗುತ್ತಿಲ್ಲ.
ಹದಿನಾಲ್ಕು ದಿನ ನರದಲ್ಲಿ ಔಷಧಿ, ಎರಡು ಬಗೆ.
ಅದರಲ್ಲೊಂದು ಕಿವಿಗೆ ಹೊಡೆಯಬಹುದು.
ಎಲ್ಲರಿಗೂ ಅಲ್ಲ. ಹೊಡೆದರೆ
ಸಣ್ಣ ದನಿಗಳು ಮೊದಲು ಹೋಗುತ್ತವೆ,
ಹೋದದ್ದು ಬರುವುದಿಲ್ಲ.
ಕೊಡದಿದ್ದರೆ?
ಶ್ವಾಸಕೋಶದಲ್ಲಿ ಹಾಳಾದದ್ದೂ ಬರುವುದಿಲ್ಲ, ಎಂದರು.

ಫೈಲಿನ ಮೇಲೆ ಸಿಸ್ಟಿಕ್ ಫೈಬ್ರೋಸಿಸ್ ಎಂದಿದೆ.
ಅತ್ತೆ ಅದನ್ನು ಉಪ್ಪಿನ ಕಾಯಿಲೆ ಎನ್ನುತ್ತಾರೆ,
ಮಗುವಿಗೆ ಮೊದಲು ಮುತ್ತಿಟ್ಟವರು ಅವರೇ.

ಸಣ್ಣ ದನಿ ಎಂದರೆ ಯಾವುದು?
ಕೇಳಲು ಬಾಯಿ ಬರಲಿಲ್ಲ. ವಾಪಸ್ಸು ಬಸ್ಸಿನಲ್ಲಿ ಎಣಿಸಿದೆ.
ಜೀರುಂಡೆ. ಹಲ್ಲಿ.
ಕುಕ್ಕರು ಕೂಗುವ ಮುಂಚಿನ ಸುಯ್.
ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ಮೇಯುವಾಗ
ಮಳೆ ಬಂತು ಮಳೆ ಬಂತು ಎಂದು
ಪ್ರತಿ ಸಲವೂ ಮೋಸಹೋಗಿ
ಇವಳು ಅಂಗಳಕ್ಕೆ ಓಡುತ್ತಾಳಲ್ಲ, ಆ ಸದ್ದು.

ಮಾರ್ಕೆಟ್ಟಿಗೆ ಬಂದರೆ ಅವಳಿಗೊಂದೇ ಆಟ.
ರೀಲರುಗಳ ಹಾಗೆ ಗೂಡೊಂದನ್ನು ಕಿವಿಯ ಹತ್ತಿರ ಹಿಡಿದು
ಅಲ್ಲಾಡಿಸುವುದು.
ಇದೆ ಅಮ್ಮ, ಒಳಗಿದೆ.
ಕೆಮ್ಮು ಬಂದರೆ ಅದನ್ನು ಮುಷ್ಟಿಯಲ್ಲಿ ಮುಚ್ಚುತ್ತಾಳೆ,
ಹುಳಕ್ಕೆ ಅಂಟೀತೆಂದು.

ಕಿವಿಯ ಪರೀಕ್ಷೆ ಗಾಜಿನ ಕೋಣೆಯಲ್ಲಿ.
ಸದ್ದು ಕೇಳಿದರೆ ಬೆರಳೆತ್ತು ಎಂದರೆ
ಕೇಳದಾಗಲೂ ಎತ್ತಿದಳು.
ಪಾಸಾದೆನಾ?
ಮಿಷನ್ನಿನ ಹುಡುಗಿ ನಕ್ಕು, ಮೊದಲಿನಿಂದ ಶುರು ಮಾಡಿದಳು.

ನಾವು ಏಳುವಾಗ ಡಾಕ್ಟರು ಇನ್ನೊಂದು ಕೇಳಿದ್ದರು:
ನಿಮ್ಮ ತಾಯಿಯ ಕಡೆ,
ಸೂಜಿ ಹಾಕಿಸಿಕೊಂಡು ಕಿವಿ ಹೋದವರು ಯಾರಾದರೂ?
ಇಲ್ಲ, ಎಂದೆ.
ಮಗಳ ಬೆರಳಿನ ಹಾಗೆ
ಸದ್ದಿಗಿಂತ ಮೊದಲೇ ಎದ್ದಿತ್ತು ಆ ಇಲ್ಲ.

ಇವತ್ತು ನಲವತ್ತೆರಡನೇ ಲಾಟು ತಕ್ಕಡಿಯ ಮೇಲಿದ್ದಾಗ
ಅಕ್ಕಯಮ್ಮ ಚಿಕ್ಕಮ್ಮ ಎದುರಿಗೆ ಬಂದು ನಿಂತಳು.
ಸತ್ತು ಒಂಬತ್ತು ವರ್ಷವಾಗಿದೆ.
ಎದೆ ಕಾಯಿಲೆಗೆ ಚಿಂತಾಮಣಿಯಲ್ಲಿ ತೊಂಬತ್ತು ಸೂಜಿ.
ಕೆಮ್ಮು ನಿಂತಿತು. ಅದರ ಜೊತೆ
ಕೋಳಿ, ಗಿರಣಿ, ಗಂಡನ ಬೈಗುಳ, ಎಲ್ಲ ನಿಂತಿತು.
ಗಂಗಮ್ಮನ ಮುನಿಸು ಎಂದರು, ಹರಕೆ ತೀರಿಸಿದರು.
ಸೂಜಿಯ ಹೆಸರು ಯಾರೂ ಎತ್ತಲಿಲ್ಲ.
ಹುಳದ ಮನೆಯಲ್ಲಿ ತಟ್ಟೆಯ ಅಂಚಿಗೆ ಅಂಗೈ ಒತ್ತಿ
ಮೇಯ್ತಾ ಅವೆ, ಎನ್ನುತ್ತಿದ್ದಳು,
ಊರಿಗೇ ಕೇಳುವಂತೆ.
ನಾವು ಮಕ್ಕಳು ನಗುತ್ತಿದ್ದೆವು.

ಅರವತ್ತೆಂಟರವರೆಗೆ ಬದುಕಿದಳು.
ಇದನ್ನು ಎಲ್ಲಿಡಲಿ?
ನನ್ನ ತಕ್ಕಡಿಗೆ ಇರುವುದು ಒಂದೇ ತಟ್ಟೆ.

ಮೇಡಂ, ತೂಕ? ಎಂದ ರೈತ.
ತಡಿಯಪ್ಪಾ, ಎಂದು ಎದ್ದು
ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಫೋನು ಮಾಡಿದೆ.
ಒಬ್ಬರಿದ್ದರು ಡಾಕ್ಟ್ರೇ. ನಮ್ಮ ತಾಯಿಯ ತಂಗಿ.
ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
ಹೇಳಿದ್ದು ಒಳ್ಳೆಯದಾಯಿತು, ಎಂದರು.
ಹಾಗಾದರೆ ಅದಕ್ಕೆ ಈಗಲೇ ಕೈ ಹಾಕುವುದು ಬೇಡ.
ರಕ್ತ ಕಳಿಸೋಣ, ವರದಿ ಬರಲು ಮೂರು ವಾರ.
ಅಲ್ಲಿಯವರೆಗೆ ಬೇರೆ ಜೋಡಿ.
ಸಾಕಾಗುತ್ತಾ ಅದು?
ನೋಡೋಣ.
ಗೊತ್ತಿಲ್ಲ ಎಂಬುದನ್ನು
ಅಷ್ಟು ಮೆತ್ತಗೆ ಹೇಳಿದವರನ್ನು ನಾನು ಕಂಡಿಲ್ಲ.

ರಾತ್ರಿ ಅಂಗೈ ಬಟ್ಟಲು ಮಾಡಿ
ಅವಳ ಬೆನ್ನು ತಟ್ಟಿದೆ, ಕಫ ಸಡಿಲಲಿ ಎಂದು.
ಕತ್ತಿಗೆ ಮುತ್ತಿಟ್ಟರೆ ಎಂದಿನ ಉಪ್ಪು.
ಮುಖ ಆ ಕಡೆ ಇದ್ದಾಗ
ಮೆಲ್ಲಗೆ ಹೆಸರು ಕರೆದೆ.
ಆಮೇಲೆ ಇನ್ನೂ ಮೆಲ್ಲಗೆ.

ಕೇಳಿಸ್ತು ಕಣಮ್ಮ, ಎಂದು ಗದರಿದಳು,
ಎಷ್ಟು ಸಲ ಕರೀತೀಯ.